ನೆರೆಯವರ ಜೊತೆ ತಕರಾರು: ವಿದೇಶಾಂಗ ಸಚಿವಾಲಯ ಬಾಯಿ ಬಿಟ್ಟು ಹೇಳಬೇಕೇ?

ಪರ: ಹೇಳಲೇಬೇಕು, ಅದೂ ಎಲ್ಲರಿಗಿಂತ ಮೊದಲು

2025ರ ಮೇ 10ರ ಸಂಜೆ. ಭಾರತ, ಪಾಕಿಸ್ತಾನ ಎರಡೂ ದಾಳಿ ನಿಲ್ಲಿಸುತ್ತಿವೆ ಎಂಬ ಸುದ್ದಿ ನಮಗೆ ಮೊದಲು ಸಿಕ್ಕಿದ್ದು ಡೊನಾಲ್ಡ್ ಟ್ರಂಪ್ ಹಾಕಿದ ಪೋಸ್ಟ್‌ನಿಂದ. ನಮ್ಮ ವಿದೇಶಾಂಗ ಕಾರ್ಯದರ್ಶಿ ವಿಕ್ರಮ್ ಮಿಸ್ರಿ ಕ್ಯಾಮೆರಾ ಮುಂದೆ ಬಂದದ್ದು ಆಮೇಲೆ. ಪಾಕಿಸ್ತಾನದ ಸೇನಾಧಿಕಾರಿ ಮಧ್ಯಾಹ್ನ 3.35ಕ್ಕೆ ನಮ್ಮ ಸೇನಾಧಿಕಾರಿಗೆ ಫೋನ್ ಮಾಡಿದರು, ಸಂಜೆ 5ರಿಂದ ಎರಡೂ ಕಡೆ ಗುಂಡು ನಿಲ್ಲಿಸಲು ಒಪ್ಪಿಗೆಯಾಗಿದೆ ಎಂದು ಮಿಸ್ರಿ ತಿಳಿಸಿದರು. ಎರಡು ನಿಮಿಷದಲ್ಲಿ ಮುಗಿಯುವ ಮಾತು. ಅದನ್ನೇ ಒಂದು ಗಂಟೆ ಮೊದಲು ಹೇಳಿದ್ದರೆ, ‘ನಾನೇ ನಿಲ್ಲಿಸಿದೆ’ ಅಂತ ಟ್ರಂಪ್ ತಿಂಗಳುಗಟ್ಟಲೆ ಹೇಳಿಕೊಂಡು ತಿರುಗಲು ಇಷ್ಟು ಜಾಗ ಸಿಗುತ್ತಿತ್ತಾ? ನಮ್ಮ ಮನೆಯ ಸುದ್ದಿಯನ್ನು ನಾವು ಪಕ್ಕದ ಬೀದಿಯವರ ಬಾಯಿಂದ ಕೇಳಬೇಕಾಯಿತು. ನನಗೆ ಅವತ್ತು ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ನಾನು ಹೇಳುವುದು ಇಷ್ಟೇ. ಮೊದಲು ಮಾತಾಡಿದವನ ಕಥೆಯೇ ಕೊನೆತನಕ ಉಳಿಯುತ್ತದೆ. ನೆರೆಯ ದೇಶದ ಜೊತೆ ಜಗಳ ಇದ್ದಾಗ ನಮ್ಮ ಸಚಿವಾಲಯ ಸುಮ್ಮನೆ ಕೂತರೆ, ಆ ಜಾಗವನ್ನು ಬೇರೆ ಯಾರೋ ಬಂದು ತುಂಬುತ್ತಾರೆ.

2020ನ್ನೇ ನೋಡಿ. ಮೇ ಮೊದಲ ವಾರದಲ್ಲೇ ಲಡಾಖ್‌ನ ಪ್ಯಾಂಗಾಂಗ್ ಸರೋವರದ ದಂಡೆಯಲ್ಲಿ ನಮ್ಮ ಸೇನೆಗೂ ಚೀನಾ ಸೇನೆಗೂ ಹೊಡೆದಾಟ ಆಗಿತ್ತು. ವಾರಗಟ್ಟಲೆ ನಮಗೆ ಸರಿಯಾಗಿ ಯಾರೂ ಏನೂ ಹೇಳಲಿಲ್ಲ. ಜೂನ್ 15ರ ರಾತ್ರಿ ಗಲ್ವಾನ್‌ನಲ್ಲಿ ನಮ್ಮ 20 ಯೋಧರು ಹೋದರು. ನಾಲ್ಕು ದಿನದ ಮೇಲೆ ಸರ್ವಪಕ್ಷ ಸಭೆಯಲ್ಲಿ ಪ್ರಧಾನಿ, ನಮ್ಮ ಗಡಿಯೊಳಗೆ ಯಾರೂ ಬಂದಿಲ್ಲ ಎಂದರು. ಆ ಮಾತಿನ ಅರ್ಥ ಏನು ಅಂತ ಮರುದಿನ ಅವರ ಕಚೇರಿಯೇ ವಿವರಣೆ ಕೊಡಬೇಕಾಯಿತು. ಚೀನಾ ತನ್ನ ಕಡೆ ನಾಲ್ವರು ಸತ್ತರು ಎಂದು ಒಪ್ಪಿಕೊಂಡದ್ದು 2021ರ ಫೆಬ್ರವರಿಯಲ್ಲಿ. ಅಷ್ಟರೊಳಗೆ ಎಷ್ಟು ಸುಳ್ಳು ಹರಿದಾಡಿತು, ನೆನಪಿದೆ ಅಲ್ವಾ? ಮೇ ತಿಂಗಳಲ್ಲೇ ನಕ್ಷೆ ಇಟ್ಟುಕೊಂಡು ‘ಇಲ್ಲಿ ಹೀಗಾಗಿದೆ, ನಮ್ಮ ನಿಲುವು ಇದು’ ಎಂದು ಹೇಳಿದ್ದರೆ ಯಾರ ಗಂಟು ಹೋಗುತ್ತಿತ್ತು?

ರಾಮೇಶ್ವರದ ಹತ್ತಿರದ ಕಚ್ಚತೀವು ದ್ವೀಪದ ಕಥೆಯಂತೂ ಹೊಟ್ಟೆ ಉರಿಸುತ್ತದೆ. 1974ರಲ್ಲಿ ದ್ವೀಪ ಶ್ರೀಲಂಕಾ ಪಾಲಾಯಿತು. ಬಲೆ ಒಣಗಿಸಲು, ಸಂತ ಅಂತೋನಿಯವರ ಜಾತ್ರೆಗೆ ಹೋಗಲು ನಮ್ಮವರಿಗೆ ಅವಕಾಶ ಇದೆ ಎಂದರು. 1976ರಲ್ಲಿ, ತುರ್ತುಪರಿಸ್ಥಿತಿ ನಡೆಯುತ್ತಿದ್ದಾಗ, ಎರಡೂ ದೇಶಗಳ ಅಧಿಕಾರಿಗಳು ಪತ್ರ ಬದಲಾಯಿಸಿಕೊಂಡರು. ನಮ್ಮ ಮೀನುಗಾರರು ಆ ಕಡೆಯ ಸಮುದ್ರಕ್ಕೆ ಹೋಗುವಂತಿಲ್ಲ ಎಂದಾಯಿತು. ಯಾರನ್ನು ಕೇಳಿದರು? ರಾಮೇಶ್ವರದ ಮೀನುಗಾರನನ್ನು ಕೇಳಿದರಾ? 20 ವರ್ಷದಲ್ಲಿ ಶ್ರೀಲಂಕಾ ನಮ್ಮ 6,184 ಮೀನುಗಾರರನ್ನು ಹಿಡಿದಿದೆ ಎಂದು 2024ರ ಏಪ್ರಿಲ್ 1ರಂದು ವಿದೇಶಾಂಗ ಸಚಿವ ಜೈಶಂಕರ್ ಹೇಳಿದರು. ಗುಟ್ಟಾಗಿ ಮಾಡಿದ ವ್ಯವಹಾರಕ್ಕೆ ಇವತ್ತಿಗೂ ದೋಣಿ ಕಳೆದುಕೊಳ್ಳುತ್ತಿರುವವನು ಬಡವ.

‘ಸದ್ದಿಲ್ಲದೆ ಮಾತಾಡಿದರೆ ಎಲ್ಲ ಸರಿಹೋಗುತ್ತೆ’ ಅನ್ನುವವರು ಬಹಳ ಜನ ಇದ್ದಾರೆ. ಅವರ ಲೆಕ್ಕದಲ್ಲಿ ಜನ ಅಂದರೆ ಏನೂ ತಿಳಿಯದ ಮಕ್ಕಳು. ಬಾಗಿಲು ಹಾಕಿಕೊಂಡು ಒಳಗೆ ದೇಶವನ್ನೇ ಬರೆದುಕೊಟ್ಟರೂ ನಾವು ಹೊರಗೆ ಕೂತು ಕಾಯಬೇಕು. ನಾನು ಅದಕ್ಕೆ ತಯಾರಿಲ್ಲ.

ಬಾಯಿ ಬಿಟ್ಟು ಹೇಳುವುದರ ಬೆಲೆ ನನಗೆ ಗೊತ್ತಾದದ್ದು ಪುಸ್ತಕದಿಂದಲ್ಲ. ನಮ್ಮದು ಬೆಳಗಾವಿ ಜಿಲ್ಲೆ. ಸೈನ್ಯದಲ್ಲಿ ಒಬ್ಬರಾದರೂ ಇರುವ ಮನೆಗಳು ನಮ್ಮ ಕಡೆ ಜಾಸ್ತಿ. ನನ್ನ ಕಾಕಾನ ಮಗ ಜಮ್ಮು ಕಡೆ ಡ್ಯೂಟಿಯಲ್ಲಿದ್ದ. 2025ರ ಮೇ 8ರ ರಾತ್ರಿ ಜಮ್ಮುವಿನಲ್ಲಿ ಕರೆಂಟ್ ತೆಗೆದಿದ್ದರು, ಆಕಾಶದಲ್ಲಿ ಡ್ರೋನ್ ಹಾರುತ್ತಿದ್ದವು. ಅವನ ಫೋನ್ ಹತ್ತಲಿಲ್ಲ. ಅವನ ತಾಯಿ, ನನ್ನ ಕಾಕು, ಟೀವಿ ಮುಂದೆ ಕೂತಿದ್ದರು, ಕೈಯಲ್ಲಿ ಮೊಬೈಲ್. ಒಂದು ಚಾನೆಲ್‌ನಲ್ಲಿ ಕರಾಚಿ ಬಂದರು ಉಡೀಸ್. ಇನ್ನೊಂದರಲ್ಲಿ ನಮ್ಮ ಸೇನೆ ಗಡಿ ದಾಟಿತು. ಹಿಂದೆ ಸೈರನ್ ಸದ್ದು ಬೇರೆ. ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಯಾವುದೋ ದೇಶದ ಹಳೇ ವಿಡಿಯೋ ಹಾಕಿ ‘ಜಮ್ಮು ಈಗ’ ಅಂತ ಬರೆದಿದ್ದರು. ಕಾಕು ಅದನ್ನು ಮತ್ತೆ ಮತ್ತೆ ಓಡಿಸಿ, ಹೊಗೆಯೊಳಗೆ ಮಗನ ಮುಖ ಹುಡುಕುತ್ತಿದ್ದರು.

“ಇದ್ರಾಗ ಖರೇ ಯಾವ್ದಪಾ?” ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾಕಾ ಎದ್ದು ಹೋಗಿ ದೇವರ ಮನೆಯ ದೀಪಕ್ಕೆ ಎಣ್ಣೆ ಹಾಕಿ ಬಂದು ಮತ್ತೆ ಕೂತರು. ಕರಾಚಿ ಸುದ್ದಿ ಕೇಳಿ ಓಣಿಯಲ್ಲಿ ಯಾರೋ ಪಟಾಕಿ ಹೊಡೆದರು. ಆ ಸದ್ದಿಗೆ ಕಾಕು ಬೆಚ್ಚಿದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ಕರಾಚಿ ಬಂದರಿಗೆ ಏನೂ ಆಗಿರಲಿಲ್ಲ. ಅದು ಪೂರ್ತಿ ಸುಳ್ಳು.

ಮರುದಿನ ಸಂಜೆ ದೆಹಲಿಯ ಸುದ್ದಿಗೋಷ್ಠಿ. ಮಿಸ್ರಿ, ಅವರ ಪಕ್ಕದಲ್ಲಿ ಕರ್ನಲ್ ಸೋಫಿಯಾ ಖುರೇಷಿ, ವಿಂಗ್ ಕಮಾಂಡರ್ ವ್ಯೋಮಿಕಾ ಸಿಂಗ್. ಸೋಫಿಯಾ ನಮ್ಮ ಗೋಕಾಕ ತಾಲ್ಲೂಕಿನ ಕೊಣ್ಣೂರಿನ ಸೊಸೆ, ಹಾಗಾಗಿ ಊರಿಗೆ ಊರೇ ಟೀವಿ ಮುಂದಿತ್ತು. 36 ಕಡೆ 300ರಿಂದ 400 ಡ್ರೋನ್ ಬಂದವು ಎಂದು ಅವರು ಹೇಳಿದರು. ಕೂಗಾಟ ಇಲ್ಲ, ಸೈರನ್ ಇಲ್ಲ. ಒಂದೊಂದೇ ವಿವರ, ಕಾಗದ ನೋಡಿಕೊಂಡು. ಆ ಸುದ್ದಿಯಲ್ಲಿ ಸಮಾಧಾನ ಪಡುವಂಥದ್ದು ಏನೂ ಇರಲಿಲ್ಲ. ಆದರೂ ಕಾಕು ಮೊದಲ ಸಲ ಟೀವಿಯ ಸದ್ದು ಜಾಸ್ತಿ ಮಾಡಿದರು. ರಾತ್ರಿ ಊಟ ಮಾಡಿದರು. ಮಗನ ಫೋನ್ ಬಂದದ್ದು ಅದಾದ ಮೇಲೆ.

ಸರ್ಕಾರ ಬಾಯಿ ಬಿಟ್ಟರೆ ನೆರೆಯ ದೇಶಕ್ಕೆ ಏನಾಗುತ್ತೋ ಆಮೇಲಿನ ಮಾತು. ಮೊದಲು ಕಾಕುನಂಥವರಿಗೆ ನಿಜ ಗೊತ್ತಾಗುತ್ತದೆ. ಅದಕ್ಕಿಂತ ದೊಡ್ಡ ಕಾರಣ ನನಗೆ ಬೇಕಿಲ್ಲ.

ಚೀನಾ ಅರುಣಾಚಲದ ಜಾಗಗಳಿಗೆ ಹೊಸ ಹೆಸರಿಡುತ್ತಲೇ ಇದೆ. 2017ರಲ್ಲಿ 6, 2021ರಲ್ಲಿ 15, 2023ರಲ್ಲಿ 11, 2024ರಲ್ಲಿ 30, 2025ರಲ್ಲಿ 27. ನಮ್ಮ ವಕ್ತಾರರು ಪ್ರತಿ ಸಲವೂ ಅಲ್ಲಗಳೆದಿದ್ದಾರೆ, ಒಳ್ಳೆಯದೇ. ಮೌನಂ ಸಮ್ಮತಿ ಲಕ್ಷಣಂ ಅಂತ ನಮ್ಮ ಹಿರಿಯರು ಸುಮ್ನೆ ಹೇಳಲಿಲ್ಲ. ಆದರೆ ಬರೀ ಅಲ್ಲಗಳೆದರೆ ಸಾಲದು. ವಾರಕ್ಕೊಮ್ಮೆ ಪತ್ರಕರ್ತರು ಕೇಳಿದ್ದಕ್ಕೆ ನಾಲ್ಕು ಸಾಲು ಇಂಗ್ಲಿಷ್, ಹಿಂದಿಯಲ್ಲಿ ಓದಿ ಎದ್ದು ಹೋಗುವುದೂ ಸಾಲದು. ಜಗಳ ಎದ್ದ ದಿನವೇ ಹೇಳಲಿ. ನಕ್ಷೆ, ದಾಖಲೆ ಮುಂದಿಟ್ಟು ಹೇಳಲಿ. ಕನ್ನಡದಲ್ಲೂ ಹೇಳಲಿ.

ವಿರೋಧ: ಎಲ್ಲ ಮಾತೂ ಮೈಕಿನ ಮುಂದೆ ಬೇಡ

ವಿರೋಧದ ಭಾಗ ಬರೆಯಿರಿ ಎಂದು ನನ್ನನ್ನು ಕೇಳಿದ್ದಾರೆ. ಪಹಲ್ಗಾಮ್‌ನಲ್ಲಿ 26 ಜನರನ್ನು ಕೊಂದ ಮೇಲೆ, ಶಿವಮೊಗ್ಗದಲ್ಲಿ, ಬೆಂಗಳೂರಿನಲ್ಲಿ ಸಾವಿನ ಮನೆಗಳನ್ನು ನೋಡಿದ ಮೇಲೆ, ಸರ್ಕಾರ ಸುಮ್ಮನಿರಬೇಕಿತ್ತು ಎಂದು ನಾನು ಬರೆಯಲಾರೆ. ಯುದ್ಧದ ದಿನಗಳಲ್ಲಿ ಜನರಿಗೆ ಹೇಳಲೇಬೇಕು. ಆದರೆ ನೆರೆಹೊರೆಯ ತಕರಾರುಗಳಲ್ಲಿ ಯುದ್ಧದ ತನಕ ಹೋಗುವವು ಕಡಿಮೆ. ಉಳಿದವು ಎಲ್ಲಿ ಬಗೆಹರಿದವು ಎಂದು ನೋಡಿದರೆ, ಹೆಚ್ಚಾಗಿ ಕ್ಯಾಮೆರಾ ಇಲ್ಲದ ಕೋಣೆಗಳಲ್ಲಿ.

ಮಾಲ್ಡೀವ್ಸ್ ವಿಷಯ ತೆಗೆದುಕೊಳ್ಳೋಣ. ಮೊಹಮದ್ ಮುಯಿಝು 2023ರ ನವೆಂಬರ್‌ನಲ್ಲಿ ಅಧ್ಯಕ್ಷರಾದರು. ಭಾರತದ ಸೈನಿಕರನ್ನು ವಾಪಸ್ ಕಳಿಸುತ್ತೇನೆ ಎಂದು ಹೇಳಿಯೇ ಚುನಾವಣೆ ಗೆದ್ದಿದ್ದರು. ಅಲ್ಲಿದ್ದವರು ನೂರು ಜನಕ್ಕಿಂತ ಕಡಿಮೆ. ನಾವು ಕೊಟ್ಟಿದ್ದ ಎರಡು ಹೆಲಿಕಾಪ್ಟರ್, ಒಂದು ಡಾರ್ನಿಯರ್ ವಿಮಾನ ನೋಡಿಕೊಳ್ಳುತ್ತಿದ್ದರು, ದೂರದ ದ್ವೀಪಗಳಿಂದ ರೋಗಿಗಳನ್ನು ರಾಜಧಾನಿ ಮಾಲೆಗೆ ತರುತ್ತಿದ್ದರು. 2024ರ ಜನವರಿಯಲ್ಲಿ ಪ್ರಧಾನಿಯ ಲಕ್ಷದ್ವೀಪ ಭೇಟಿಯ ಫೋಟೋ ನೋಡಿ ಅಲ್ಲಿನ ಉಪಸಚಿವರು ಕೆಟ್ಟದಾಗಿ ಬರೆದರು. ಇಲ್ಲಿ ಮಾಲ್ಡೀವ್ಸ್‌ಗೆ ಯಾರೂ ಹೋಗಬೇಡಿ ಎಂಬ ಕೂಗು ಎದ್ದಿತು. ಒಂದು ಟಿಕೆಟ್ ಕಂಪನಿ ಬುಕಿಂಗನ್ನೇ ನಿಲ್ಲಿಸಿತು. ನಮ್ಮ ಎಷ್ಟೋ ಚಾನೆಲ್‌ಗಳು ವಾರಪೂರ್ತಿ ಬೇರೆ ಮಾತೇ ಆಡಲಿಲ್ಲ.

ಸಚಿವಾಲಯ ಏನು ಮಾಡಿತು? ಮಾಲೆಯಲ್ಲಿ ನಮ್ಮ ರಾಯಭಾರ ಕಚೇರಿ ಆಕ್ಷೇಪ ಸಲ್ಲಿಸಿತು, ದೆಹಲಿಯಲ್ಲಿ ಅವರ ರಾಯಭಾರಿಯನ್ನು ಕರೆಸಲಾಯಿತು. ಮೂವರು ಉಪಸಚಿವರ ಅಮಾನತಾಯಿತು. ಅಲ್ಲಿಗೆ ಬಹಿರಂಗ ಜಗಳ ಬಿಟ್ಟು, ಎರಡೂ ಕಡೆಯ ಅಧಿಕಾರಿಗಳ ಒಂದು ತಂಡ ಕೂತು ಮಾತಾಡಲು ಶುರು ಮಾಡಿತು. ಸೈನಿಕರು ಹೋಗಲಿ, ಅವರ ಜಾಗದಲ್ಲಿ ಸೈನ್ಯದವರಲ್ಲದ ತಂತ್ರಜ್ಞರು ಬರಲಿ ಎಂದು ತೀರ್ಮಾನವಾಯಿತು. ಹಾಗೆ ಬಂದ ತಂತ್ರಜ್ಞರು ನಮ್ಮ ಎಚ್‌ಎಎಲ್‌ನವರು ಎಂದು ಮಾಲ್ಡೀವ್ಸ್ ಹೇಳಿತು. 2024ರ ಮೇ 10ರೊಳಗೆ ಅದಲು ಬದಲು ಮುಗಿಯಿತು. ಹೆಲಿಕಾಪ್ಟರ್ ಅಲ್ಲೇ ಉಳಿಯಿತು, ರೋಗಿಗಳನ್ನು ತರುವ ಕೆಲಸವೂ ಉಳಿಯಿತು. ಮುಯಿಝು ತಮ್ಮ ಮತದಾರರಿಗೆ ಕೊಟ್ಟ ಮಾತು ಉಳಿಸಿಕೊಂಡರು, ನಾವು ಕೆಲಸ ಉಳಿಸಿಕೊಂಡೆವು. ಇದನ್ನೇ ಪತ್ರಿಕಾಗೋಷ್ಠಿಯಲ್ಲಿ ‘ಹೀಗೆ ಮಾಡಿ’ ಎಂದು ಹೇಳಿದ್ದರೆ ಅವರು ಒಪ್ಪಲು ಸಾಧ್ಯವೇ ಇರಲಿಲ್ಲ.

ನನಗೆ ತುಂಬಾ ಹಿಡಿಸಿದ್ದು ಬೇರೆ ಒಂದು ಸಂಗತಿ. ಜಗಳ ಇನ್ನೂ ಬಿಸಿ ಇದ್ದಾಗಲೇ, 2024ರ ಏಪ್ರಿಲ್‌ನಲ್ಲಿ, ಮೊಟ್ಟೆ, ಆಲೂಗಡ್ಡೆ, ಈರುಳ್ಳಿ, ಅಕ್ಕಿ, ಗೋಧಿಹಿಟ್ಟು, ಸಕ್ಕರೆ, ಬೇಳೆ ಕಳಿಸಲು ಭಾರತ ಅನುಮತಿ ಕೊಟ್ಟಿತು. ಈ ಏರ್ಪಾಡು ಶುರುವಾದ 1981ರಿಂದ ಅದುವರೆಗಿನ ಅತಿ ಹೆಚ್ಚಿನ ಪ್ರಮಾಣ ಅದು. ಅದೇ ವರ್ಷ ಅಕ್ಟೋಬರ್‌ನಲ್ಲಿ ಮುಯಿಝು ದೆಹಲಿಗೆ ಬಂದರು. 40 ಕೋಟಿ ಡಾಲರ್, ಜೊತೆಗೆ 3,000 ಕೋಟಿ ರೂಪಾಯಿಯ ಕರೆನ್ಸಿ ವಿನಿಮಯಕ್ಕೆ ಒಪ್ಪಿಗೆಯಾಯಿತು. ಅದೇ ಪ್ರವಾಸದಲ್ಲಿ ಬೆಂಗಳೂರಿಗೂ ಬಂದು ಹೋದರು. 2025ರ ಜುಲೈನಲ್ಲಿ ಅವರ ಸ್ವಾತಂತ್ರ್ಯದ 60ನೇ ವರ್ಷದ ಸಮಾರಂಭಕ್ಕೆ ನಮ್ಮ ಪ್ರಧಾನಿಯೇ ಅತಿಥಿ.

ಬಾಯಿ ಬಿಟ್ಟು ಕೆಟ್ಟದ್ದಕ್ಕೂ ಉದಾಹರಣೆ ಇದೆ. 2010ರ ಜುಲೈನಲ್ಲಿ ನಮ್ಮ ಎಸ್.ಎಂ. ಕೃಷ್ಣ ವಿದೇಶಾಂಗ ಸಚಿವರಾಗಿ ಇಸ್ಲಾಮಾಬಾದ್‌ಗೆ ಹೋದರು. ಅದಕ್ಕೆ ಸರಿಯಾಗಿ ಗೃಹ ಕಾರ್ಯದರ್ಶಿ ಜಿ.ಕೆ. ಪಿಳ್ಳೈ, 2008ರ ಮುಂಬೈ ದಾಳಿಯನ್ನು ಮೊದಲಿಂದ ಕೊನೆತನಕ ಪಾಕಿಸ್ತಾನದ ಗುಪ್ತಚರ ಸಂಸ್ಥೆ ಐಎಸ್‌ಐ ನಡೆಸಿತು ಎಂದು ಪತ್ರಿಕೆಗೆ ಹೇಳಿದ್ದರು. ಅಲ್ಲಿನ ಸುದ್ದಿಗೋಷ್ಠಿಯಲ್ಲಿ ಪಾಕಿಸ್ತಾನದ ವಿದೇಶಾಂಗ ಸಚಿವ ಶಾ ಮೆಹಮೂದ್ ಖುರೇಷಿ, ಪಿಳ್ಳೈ ಅವರನ್ನು ಲಷ್ಕರ್ ಉಗ್ರರ ಸಂಘಟನೆ ಕಟ್ಟಿದ ಹಫೀಜ್ ಸಯೀದ್ ಜೊತೆ ಹೋಲಿಸಿಬಿಟ್ಟರು. ಮಾತುಕತೆ ಅಲ್ಲಿಗೆ ಹಳ್ಳ ಹಿಡಿಯಿತು. ಆ ಹೇಳಿಕೆಗೆ ಅದು ಸಮಯವಾಗಿರಲಿಲ್ಲ ಎಂದು ಕೃಷ್ಣ ಅವರೇ ಆಮೇಲೆ ಹೇಳಿದರು. ಪಿಳ್ಳೈ ಹೇಳಿದ್ದು ಸುಳ್ಳು ಎಂದು ನಾನು ಹೇಳುತ್ತಿಲ್ಲ. ಹೇಳಿದ ದಿನ ಸರಿ ಇರಲಿಲ್ಲ.

ಇನ್ನೊಂದು ಪುಟ್ಟ ಸಂಗತಿ. ಭಾರತ ಮತ್ತು ಪಾಕಿಸ್ತಾನ 1992ರಿಂದ ಪ್ರತಿ ಜನವರಿ 1ಕ್ಕೆ ತಮ್ಮ ಅಣು ಸ್ಥಾವರಗಳ ಪಟ್ಟಿ ಬದಲಾಯಿಸಿಕೊಳ್ಳುತ್ತವೆ, ಇಂಥವುಗಳ ಮೇಲೆ ದಾಳಿ ಬೇಡ ಎಂದು. ಕಾರ್ಗಿಲ್ ಆಯಿತು, ಸಂಸತ್ತಿನ ಮೇಲೆ ದಾಳಿ ಆಯಿತು, ಬಾಲಾಕೋಟ್ ಆಯಿತು. ಪಟ್ಟಿ ಹೋಗುವುದು ನಿಂತಿಲ್ಲ. ಅದನ್ನು ಒಂದು ದಿನವೂ ಯಾರೂ ಟೀವಿಯಲ್ಲಿ ಚರ್ಚೆಗೆ ಎಳೆದಿಲ್ಲ, ಅದಕ್ಕೇ ಉಳಿದಿದೆ ಎಂದು ನನ್ನ ಅಂದಾಜು.

ಬಹಿರಂಗ ಮಾತಿನ ತೊಂದರೆ ಕನ್ನಡಿಗರಿಗೆ ಹೊಸದಲ್ಲ. ಕಾವೇರಿ ವಿಷಯದಲ್ಲಿ ‘ಒಂದು ಹನಿಯನ್ನೂ ಬಿಡುವುದಿಲ್ಲ’ ಎಂದು ವೇದಿಕೆಯಲ್ಲಿ ಹೇಳಿದ ನಾಯಕ ಮರುದಿನ ಮಾತುಕತೆಗೆ ಕೂತು ಏನು ತಾನೇ ಕೊಡಲು ಸಾಧ್ಯ? ಆಚೆ ಕಡೆಯವರದೂ ಅದೇ ಪಾಡು. ಬಾಂಗ್ಲಾದೇಶದ ಜೊತೆಗಿನ ಗಂಗಾ ನೀರಿನ ಒಪ್ಪಂದಕ್ಕೆ ಸಹಿಯಾದದ್ದು 1996ರ ಡಿಸೆಂಬರ್ 12ರಂದು, 30 ವರ್ಷದ ಮಟ್ಟಿಗೆ. 2026ರ ಡಿಸೆಂಬರ್‌ಗೆ ಅದರ ಅವಧಿ ಮುಗಿಯುತ್ತದೆ. 2024ರ ಆಗಸ್ಟ್‌ನಲ್ಲಿ ಶೇಖ್ ಹಸೀನಾ ಢಾಕಾ ಬಿಟ್ಟು ಇಲ್ಲಿಗೆ ಬಂದ ಮೇಲೆ ಎರಡೂ ಕಡೆ ಬಾಯಿಗೆ ಬಂದ ಹಾಗೆ ಮಾತಾಡುವವರು ಹೆಚ್ಚಾಗಿದ್ದಾರೆ. ಗಂಗೆಗೆ ಅಣೆಕಟ್ಟು ಕಟ್ಟಿರುವ ಫರಕ್ಕಾದಲ್ಲಿ ಬೇಸಿಗೆಯ ಹತ್ತು ಹತ್ತು ದಿನಕ್ಕೆ ಯಾರಿಗೆ ಎಷ್ಟು ನೀರು ಎಂಬ ಲೆಕ್ಕವನ್ನು ಇಂಜಿನಿಯರ್‌ಗಳು, ಅಧಿಕಾರಿಗಳು ಕೂತು ಮಾಡಲಿ. ಸಹಿ ಆದ ದಿನ ಒಪ್ಪಂದದ ಪೂರ್ತಿ ಪ್ರತಿಯನ್ನು ಜನರ ಮುಂದೆ ಇಡಲಿ. ಅದನ್ನು ಬೇಕಾದರೆ ನಾನೂ ಒತ್ತಾಯ ಮಾಡುತ್ತೇನೆ.