ಡಾಕ್ಟರ್ ಬೋರ್ಡಿನ ಸಣ್ಣ ಅಕ್ಷರಗಳನ್ನು ಓದಿ

ಅಮ್ಮನಿಗೆ ಮಂಡಿ ನೋವು ಹಳೆಯದು. ಜೊತೆಗೆ ಶುಗರ್ ಇದೆ. ಹೋದ ವರ್ಷ ಪಕ್ಕದ ಮನೆಯವರು ಹೇಳಿದರು ಅಂತ ಪೇಟೆಯ ಒಂದು ಕ್ಲಿನಿಕ್‌ಗೆ ಹೋಗಿ ಬಂದಳು. "ಅವರ ಕೈಗುಣ ತುಂಬಾ ಚೆನ್ನಾಗಿದೆ ಕಣೋ, ಎರಡೇ ದಿನಕ್ಕೆ ನೋವು ಹೋಯ್ತು" ಅಂತ ಫೋನಿನಲ್ಲಿ ಹೇಳಿದಾಗ ನನಗೂ ಖುಷಿಯಾಯಿತು. ಎರಡು ತಿಂಗಳು ಬಿಟ್ಟು ಊರಿಗೆ ಹೋದರೆ ಅಮ್ಮನ ಮುಖ ಊದಿಕೊಂಡಿತ್ತು, ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುತ್ತಿದ್ದಳು, ಶುಗರ್ ನೋಡಿಸಿದರೆ 380. ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರ್ ಕೇಳಿದ ಮೊದಲ ಮಾತು: "ಅಮ್ಮಾ, ಆ ಮಾತ್ರೆ ಶೀಟ್ ತಂದಿದ್ದೀರಾ?" ಶೀಟ್ ಕೊಟ್ಟೇ ಇರಲಿಲ್ಲ. ಬಿಡಿ ಮಾತ್ರೆಗಳನ್ನು ಕಾಗದದ ಪೊಟ್ಟಣ ಕಟ್ಟಿ ಕೊಟ್ಟಿದ್ದರು. ಮುಖದ ಊತ ನೋಡಿ, ಇದು ಸ್ಟೀರಾಯ್ಡ್ ಇರಬೇಕು ಅಂದರು. ನೋವನ್ನು ಬೇಗ ಇಳಿಸುವ, ಆದರೆ ಶುಗರ್ ಏರಿಸುವ ಅಲೋಪತಿ ಔಷಧಿ ಅದು. ಒಂದೇ ಸಲ ನಿಲ್ಲಿಸುವ ಹಾಗೂ ಇಲ್ಲ, ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕಾಯಿತು.

ಆಮೇಲೆ ಆ ಕ್ಲಿನಿಕ್ ಮುಂದೆ ನಿಂತು ಬೋರ್ಡ್ ಓದಿದೆ. ಹೆಸರಿನ ಪಕ್ಕ ಏಳು ಡಿಗ್ರಿಗಳ ಹಾಗೆ ಕಾಣುವ ಅಕ್ಷರಗಳು. ಮೊದಲನೆಯದು ಬಿಎಚ್‌ಎಂಎಸ್, ಅಂದರೆ ಹೋಮಿಯೋಪತಿ. ಉಳಿದ ಆರು ಸಣ್ಣ ಸಣ್ಣ ಸರ್ಟಿಫಿಕೇಟ್ ಕೋರ್ಸ್‌ಗಳು, ಸಂಘಗಳ ಸದಸ್ಯತ್ವ. ಶಿವಮೊಗ್ಗದ ಡಾಕ್ಟರ್ ಬೋರ್ಡಿನಲ್ಲಿ ಇದ್ದದ್ದು ಎರಡೇ: ಎಂಬಿಬಿಎಸ್, ಡಿಎನ್‌ಬಿ.

ಹೋಮಿಯೋಪತಿಯನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಬಿಎಚ್‌ಎಂಎಸ್ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಡಿಗ್ರಿ, ಆಯುರ್ವೇದದ ಬಿಎಎಂಎಸ್ ಕೂಡ ಹಾಗೆಯೇ. ನಮ್ಮ ಅಜ್ಜಿ ಕೊನೆಯವರೆಗೂ ಆಯುರ್ವೇದದ ಡಾಕ್ಟರ್ ಹತ್ತಿರವೇ ಹೋಗುತ್ತಿದ್ದರು, ಅವರು ಕೊಡುತ್ತಿದ್ದದ್ದು ಕಷಾಯ, ಲೇಹ್ಯ, ಅದರಲ್ಲಿ ಯಾವ ಮುಚ್ಚುಮರೆಯೂ ಇರಲಿಲ್ಲ. ಓದಿದ್ದು ಒಂದು ಪದ್ಧತಿ, ಕೊಡುವುದು ಇನ್ನೊಂದು ಪದ್ಧತಿಯ ಔಷಧಿ ಅಂದರೆ ಮಾತ್ರ ನನಗೆ ಸಿಟ್ಟು ಬರುತ್ತದೆ. 1996ರಲ್ಲೇ ಸುಪ್ರೀಂ ಕೋರ್ಟ್ ಪೂನಂ ವರ್ಮಾ ಪ್ರಕರಣದಲ್ಲಿ, ಹೋಮಿಯೋಪತಿ ಓದಿ ಅಲೋಪತಿ ಔಷಧಿ ಕೊಟ್ಟವರದ್ದು ನಿರ್ಲಕ್ಷ್ಯ ಅಂತಲೇ ತೀರ್ಪು ಕೊಟ್ಟಿದೆ.

ಹಾಗಾಗಿ ನಾನು ಎಲ್ಲರಿಗೂ ಹೇಳುವುದು ಇಷ್ಟು. ಅಕ್ಷರ ಎಷ್ಟಿವೆ ಅಂತ ಎಣಿಸಬೇಡಿ, ಮೊದಲ ಡಿಗ್ರಿ ಯಾವುದು ನೋಡಿ. ಎಂಬಿಬಿಎಸ್, ಬಿಎಎಂಎಸ್, ಬಿಎಚ್‌ಎಂಎಸ್, ಹಲ್ಲಿಗೆ ಬಿಡಿಎಸ್, ಯೋಗ ಮತ್ತು ಪ್ರಕೃತಿ ಚಿಕಿತ್ಸೆಗೆ ಬಿಎನ್‌ವೈಎಸ್, ಫಿಸಿಯೋಥೆರಪಿಗೆ ಬಿಪಿಟಿ. ಅಲ್ಲಿಗೇ ಅರ್ಧ ವಿಷಯ ಗೊತ್ತಾಗುತ್ತದೆ. ಆಮೇಲೆ ಎರಡನೆಯದು. ಎಂಡಿ ಅಂತ ಕಂಡ ತಕ್ಷಣ ದೊಡ್ಡ ಡಾಕ್ಟರ್ ಅಂದುಕೊಳ್ಳುತ್ತೇವೆ ಅಲ್ವಾ, ಆದರೆ ಯಾವುದರಲ್ಲಿ ಎಂಡಿ? ಆಯುರ್ವೇದದಲ್ಲೂ ಎಂಡಿ ಇದೆ, ಹೋಮಿಯೋಪತಿಯಲ್ಲೂ ಇದೆ. ಎಂಬಿಬಿಎಸ್ ಆದವರಲ್ಲೂ ಮಕ್ಕಳ ಎಂಡಿ ಬೇರೆ, ಚರ್ಮದ ಎಂಡಿ ಬೇರೆ, ರೋಗಿಯನ್ನು ನೋಡುವುದಕ್ಕಿಂತ ಲ್ಯಾಬಿನಲ್ಲೇ ಜಾಸ್ತಿ ಕೆಲಸ ಮಾಡುವ ಪೆಥಾಲಜಿ ಎಂಡಿ ಬೇರೆ. ರಷ್ಯಾದಲ್ಲಿ ಓದಿ ಬಂದವರ ಎಂಡಿ ಇಲ್ಲಿನ ಎಂಬಿಬಿಎಸ್‌ಗೆ ಸಮ.

ಡಿಎನ್‌ಬಿ ಬಗ್ಗೆ ಸ್ವಲ್ಪ ಹೇಳಲೇಬೇಕು. ಡಿ ಅಕ್ಷರ ನೋಡಿ ಡಿಪ್ಲೊಮಾ ಇರಬೇಕು ಅಂದುಕೊಂಡು, ಎಂಡಿ ಆದವರನ್ನು ಹುಡುಕಿಕೊಂಡು ಹೋಗುವವರನ್ನು ನೋಡಿದ್ದೇನೆ. ಅದು ಎಂಡಿಗೆ, ಆಪರೇಷನ್ ಕಡೆಯ ಎಂಎಸ್‌ಗೆ ಸಮನಾದ ಡಿಗ್ರಿ. ಎಂಬಿಬಿಎಸ್ ಆದ ಮೇಲೆ ಮಾನ್ಯತೆ ಇರುವ ಆಸ್ಪತ್ರೆಯಲ್ಲಿ ಮೂರು ವರ್ಷ ದುಡಿದು, ರಾಷ್ಟ್ರೀಯ ಮಂಡಳಿ ನಡೆಸುವ ಒಂದೇ ಪರೀಕ್ಷೆಯನ್ನು ದೇಶದ ಎಲ್ಲರ ಜೊತೆ ಬರೆದು ಪಾಸಾಗಬೇಕು. ಮಕ್ಕಳ ಡಾಕ್ಟರ ಡಿಸಿಎಚ್, ಹೆರಿಗೆ ಡಾಕ್ಟರ ಡಿಜಿಒ, ಇವು ನಿಜವಾಗಿ ಡಿಪ್ಲೊಮಾಗಳು, ಆದರೆ ಅವೂ ಎರಡು ವರ್ಷದ ಗಟ್ಟಿ ಓದು. ನಮ್ಮ ತಾಲೂಕುಗಳಲ್ಲಿ ಎಷ್ಟೋ ಹೆರಿಗೆಗಳನ್ನು ಸುರಕ್ಷಿತವಾಗಿ ಮಾಡಿಸಿದವರು ಡಿಜಿಒ ಆದ ಡಾಕ್ಟರ್‌ಗಳೇ.

ಡಿಎಂ, ಎಂಸಿಎಚ್ ಅಂತ ಇದ್ದರೆ ಎಂಡಿ ಅಥವಾ ಎಂಎಸ್ ಆದ ಮೇಲೆ ಸಾಮಾನ್ಯವಾಗಿ ಇನ್ನೂ ಮೂರು ವರ್ಷ ಓದಿದ್ದಾರೆ ಅಂತ ಅರ್ಥ. ಡಿಎಂ ಔಷಧಿಯ ಕಡೆ, ಎಂಸಿಎಚ್ ಆಪರೇಷನ್ ಕಡೆ. ಕಿಡ್ನಿ ಕೆಲಸ ಮಾಡುತ್ತಿಲ್ಲ ಅಂದರೆ ನೆಫ್ರಾಲಜಿ ಡಿಎಂ, ಕಿಡ್ನಿ ಕಲ್ಲು ತೆಗೆಸಬೇಕು ಅಂದರೆ ಯುರಾಲಜಿ ಎಂಸಿಎಚ್. ಇದು ಗೊತ್ತಿಲ್ಲದೆ ಬೆಂಗಳೂರಿಗೆ ಬಸ್ ಹತ್ತಿ ಬಂದು, ಟೋಕನ್ ತೆಗೆದುಕೊಂಡು ಮಧ್ಯಾಹ್ನದವರೆಗೆ ಕೂತು, ಕೊನೆಗೆ "ನೀವು ತೋರಿಸಬೇಕಾದ್ದು ನನಗಲ್ಲ, ಇನ್ನೊಬ್ಬರಿಗೆ" ಅನ್ನಿಸಿಕೊಂಡು ಹೋಗುವವರು ಎಷ್ಟು ಜನ.

ಹಳ್ಳಿಗಳಲ್ಲಿ ಆರ್‌ಎಂಪಿ ಡಾಕ್ಟರ್ ಅಂತಾರೆ. ಆರ್‌ಎಂಪಿ ಡಿಗ್ರಿಯೇ ಅಲ್ಲ, ರಿಜಿಸ್ಟರ್ ಆದ ವೈದ್ಯರು ಅನ್ನುವುದಷ್ಟೇ ಅದರ ಅರ್ಥ. ಬೋರ್ಡಿನಲ್ಲಿ ಅದೊಂದೇ ಇದ್ದರೆ ರಿಜಿಸ್ಟರ್ ಎಲ್ಲಿ ಆಗಿದೆ ಅಂತ ಕೇಳಿ. ಎಂಬಿಬಿಎಸ್ ಡಾಕ್ಟರ್ ಆದರೆ ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನ ನಂಬರ್ ಇರಬೇಕು, ಕೆಎಂಸಿ ನಂಬರ್ ಅಂತಾರೆ. ಬೇರೆ ರಾಜ್ಯದಲ್ಲಿ ರಿಜಿಸ್ಟರ್ ಆಗಿದ್ದರೆ ಅಲ್ಲಿನ ನಂಬರ್ ಇರುತ್ತದೆ. 2002ರ ವೈದ್ಯರ ನಡತೆ ನಿಯಮಗಳ ಪ್ರಕಾರ ಈ ನಂಬರ್ ಕ್ಲಿನಿಕ್‌ನಲ್ಲಿ ಕಾಣಬೇಕು, ಚೀಟಿಯಲ್ಲೂ ಇರಬೇಕು, ದುಡ್ಡು ಕೊಟ್ಟ ರಸೀದಿಯಲ್ಲೂ ಇರಬೇಕು. ರಾಷ್ಟ್ರೀಯ ವೈದ್ಯಕೀಯ ಆಯೋಗದ ವೆಬ್‌ಸೈಟ್‌ನಲ್ಲಿ ಹೆಸರು ಅಥವಾ ನಂಬರ್ ಹಾಕಿ ಹುಡುಕಬಹುದು. ಆಯುರ್ವೇದಕ್ಕೆ, ಹೋಮಿಯೋಪತಿಗೆ, ಹಲ್ಲಿನ ಡಾಕ್ಟರ್‌ಗಳಿಗೆ ಬೇರೆ ಬೇರೆ ಮಂಡಳಿಗಳಿವೆ.

"ಡಾಕ್ಟ್ರನ್ನ ನಿಮ್ಮ ಓದೇನು ಅಂತ ಕೇಳೋದಾ, ಛೆ" ಅನ್ನುತ್ತಾಳೆ ಅಮ್ಮ. ಅವಳ ಸಂಕೋಚ ನನಗೆ ಅರ್ಥ ಆಗುತ್ತದೆ. ಅದಕ್ಕೇ ಈ ಪೋಸ್ಟ್ ಓದುವ ಡಾಕ್ಟರ್‌ಗಳಲ್ಲಿ ಒಂದು ಬೇಡಿಕೆ. ಹೆಸರನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆಸಿ, ಡಿಗ್ರಿಯನ್ನು ಇಂಗ್ಲಿಷಿನಲ್ಲಿ ಸಣ್ಣದಾಗಿ ಹಾಕಿಸಬೇಡಿ. ಮುಂದಿನ ಸಲ ಲೆಟರ್‌ಪ್ಯಾಡ್ ಪ್ರಿಂಟ್ ಮಾಡಿಸುವಾಗ "ಹೋಮಿಯೋಪತಿ ವೈದ್ಯರು", "ಮಕ್ಕಳ ತಜ್ಞರು", "ಮೂಳೆ ಶಸ್ತ್ರಚಿಕಿತ್ಸಕರು" ಅಂತ ಕನ್ನಡದಲ್ಲಿ ಒಂದು ಸಾಲು ಸೇರಿಸಿ, ಅದರ ಕೆಳಗೆ ರಿಜಿಸ್ಟ್ರೇಷನ್ ನಂಬರ್ ಹಾಕಿ. ನಮ್ಮಮ್ಮ ಏಳನೇ ಕ್ಲಾಸ್ ಓದಿದ್ದಾಳೆ, ಆ ಸಾಲನ್ನು ತಾನೇ ಓದಿಕೊಳ್ಳುತ್ತಾಳೆ.