ಎದೆಮಟ್ಟದ ನೀರಿಗೆ ಎಷ್ಟು ಗ್ರಾಂ?

ಭಾನುವಾರ ಬೆಳಗ್ಗೆ ಇನ್ನೂ ಕಾಫಿ ಲೋಟ ಕೈಗೆ ಬಂದಿರಲಿಲ್ಲ, ಫೋನ್ ಬಂತು. ಮೈಸೂರಿನ ಹುಡುಗ. ಅಮೆರಿಕದ ಆರ್ಕನ್ಸಾ ರಾಜ್ಯದ ಲಿಟಲ್ ರಾಕ್‌ಗೆ ಬಂದು ವರ್ಷ ತುಂಬಿಲ್ಲ. ಆಫೀಸಿನವರು ಬಾತುಕೋಳಿ ಬೇಟೆಗೆ ಕರೆದಿದ್ದಾರಂತೆ. "ಸರ್, ನೀವು ಹೋಗ್ತೀರಲ್ವಾ? ಯಾವ ವೇಡರ್ಸ್ ತಗೊಳ್ಳಲಿ? ಬೆಚ್ಚಗಿರಬೇಕು, ಬಾಳಿಕೆನೂ ಬರಬೇಕು. ಸುಮ್ನೆ ಒಂದು ಲಿಂಕ್ ಕಳಿಸಿಬಿಡಿ" ಅಂದ. ವೇಡರ್ಸ್ ಅಂದರೆ ನೀರಲ್ಲಿ ನಿಲ್ಲೋಕೆ ಹಾಕಿಕೊಳ್ಳುವ, ಬೂಟು ಸಮೇತ ಎದೆವರೆಗೆ ಬರುವ, ನೀರು ನುಗ್ಗದ ಉಡುಪು.

ಸುಮ್ನೆ ಒಂದು ಲಿಂಕ್! ಇಯರ್‌ಫೋನ್ ಕೊಳ್ಳಲು ವಾರಗಟ್ಟಲೆ ವಿಡಿಯೊ ನೋಡಿದ ಹುಡುಗ ಇವನು. ಜನವರಿಯ ನೀರಲ್ಲಿ ಎದೆಮಟ್ಟ ನಿಲ್ಲೋದಕ್ಕೆ ಮಾತ್ರ ಒಂದು ಲಿಂಕ್ ಸಾಕಂತೆ. "ವಿವರವಾಗಿ ಬರೆದು ಕಳಿಸ್ತೀನಿ ಕಣಪ್ಪ" ಅಂದೆ. ಇದೇ ಆ ಬರಹ.

ಆರ್ಕನ್ಸಾ ಅಂದರೆ ಅಮೆರಿಕದ ಹೆಚ್ಚುಕಡಿಮೆ ಅರ್ಧದಷ್ಟು ಅಕ್ಕಿ ಬೆಳೆಯುವ ರಾಜ್ಯ. ಸೋನಾ ಮಸೂರಿ ಅಲ್ಲ, ಬಿಡಿ. ಕೊಯ್ಲಾದ ಮೇಲೆ ಗದ್ದೆಗಳಲ್ಲಿ ನೀರು ನಿಲ್ಲಿಸುತ್ತಾರೆ. ಉದುರಿದ ಕಾಳು ತಿನ್ನಲು ಉತ್ತರದಿಂದ ಮಲ್ಲಾರ್ಡ್ ಬಾತುಗಳು ಹಿಂಡುಹಿಂಡಾಗಿ ಬರುತ್ತವೆ. ಇಲ್ಲಿನ ಸ್ಟಟ್‌ಗಾರ್ಟ್ ಅನ್ನೋ ಊರಲ್ಲಿ 1936ರಿಂದ ಬಾತುಕೋಳಿಯಂತೆ ಕೂಗುವ ಸ್ಪರ್ಧೆ ನಡೆಯುತ್ತಿದೆ. ಪಕ್ಕದ ಬಯೂ ಮೀಟೊ ಕಾಡಿನಲ್ಲಿ ಓಕ್ ಮರಗಳ ನಡುವೆಯೇ ನೀರು ತುಂಬಿರುತ್ತದೆ. ಬೇಟೆಗಾರ ಮರಕ್ಕೆ ಒರಗಿ ನಿಂತು ಕಾಲಿನಿಂದ ನೀರು ಒದೆಯುತ್ತಾನೆ. ಅಲೆ ಕಂಡ ಬಾತುಗಳು ಕೆಳಗೆ ತಮ್ಮ ನೆಂಟರು ಈಜುತ್ತಿದ್ದಾರೆ ಅಂದುಕೊಂಡು ಇಳಿಯುತ್ತವೆ. ಸೂರ್ಯ ಹುಟ್ಟೋಕೆ ಅರ್ಧ ಗಂಟೆ ಮುಂಚೆಯೇ ಈ ಒದೆಯುವ ಕೆಲಸ ಶುರು. ಬಾಳಿಕೆ ಅಂದರೆ ಈ ಒದೆತ ತಡೆಯೋದು. ಮೊದಲು ಕೈಕೊಡೋದು ಮಂಡಿ, ಆಮೇಲೆ ತೊಡೆಸಂದಿನ ಹೊಲಿಗೆ. ನೀರಿನಡಿ ಎಲ್ಲೋ ಮುಳ್ಳುತಂತಿ ಇದ್ದರಂತೂ ಕಥೆ ಮುಗಿದಂತೆ.

ಅಂಗಡಿಯ ವಿಷಯಕ್ಕೆ ಬರೋಣ. ಹುಡುಗ ಅಂಗಡಿಗೇ ಹೋಗಬೇಕು, ಹಾಕಿಕೊಂಡೇ ನೋಡಬೇಕು. ನಾನು ಹೋಗಿದ್ದೆ. ಕೌಂಟರಿನವನು ಕೇಳಿದ ಮೊದಲ ಪ್ರಶ್ನೆ, "ಎಷ್ಟು ಗ್ರಾಂ?" ಬೂಟಿನೊಳಗೆ ಚಳಿ ತಡೆಯುವ ಪದರದ ಲೆಕ್ಕ ಅದು. 600, 1000, 1200, 1600. ಜಾಸ್ತಿ ಗ್ರಾಂ ಅಂದರೆ ಜಾಸ್ತಿ ಬೆಚ್ಚಗೆ. ನಾನು 1600 ಅಂದೆ. ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಕಾಲಿಗೆ ಎರಡು ಜೊತೆ ದಪ್ಪ ಸಾಕ್ಸ್ ಹಾಕಿಸಿ, 5 ಮಿಲಿಮೀಟರ್ ದಪ್ಪದ ನಿಯೋಪ್ರೀನ್ ಅನ್ನೋ ಸ್ಪಂಜಿನಂಥ ರಬ್ಬರಿನ ವೇಡರ್ಸ್ ಏರಿಸಿ, "ಈಗ ಕುಕ್ಕರಗಾಲಲ್ಲಿ ಕೂತು ಏಳಿ" ಅಂದ.

ಅಂದರೆ ಬಸ್ಕಿ. ನಾನು ಕೊನೆಯ ಸಲ ಬಸ್ಕಿ ಹೊಡೆದಿದ್ದು ಏಳನೇ ಕ್ಲಾಸಲ್ಲಿ, ಮಗ್ಗಿ ತಪ್ಪಿದ್ದಕ್ಕೆ. ಆಗ ಮೈಮೇಲೆ ಚಡ್ಡಿ ಇತ್ತು. ಈಗ ಎದೆವರೆಗೆ ರಬ್ಬರು. ಕೂತೆ, ಏಳೋಕೆ ಆಗಲಿಲ್ಲ. ಇವರ ಅಳತೆಯೆಲ್ಲ ಆರಡಿ ಆಳಿನದು. ನನ್ನ ಹೊಟ್ಟೆಗೆ ಹಿಡಿಸಿದರೆ ಕಾಲು ಉದ್ದವಾಗಿ ಮಂಡಿಯ ಹಿಂದೆ ಮಡಿಕೆ ಬೀಳುತ್ತದೆ. ಆ ಮಡಿಕೆ ಉಜ್ಜಿ ಉಜ್ಜಿ ಅಲ್ಲೇ ಸೋರುತ್ತದೆ. ಕಾಲಿಗೆ ಹಿಡಿಸಿದರೆ ಹೊಟ್ಟೆಗೆ ಉಸಿರಿಲ್ಲ. ಇಷ್ಟೊಂದು ದೇಶಗಳ ಜನ ಬಂದು ನೆಲೆಸಿದ ದೇಶ, ಕುಳ್ಳರಿಗೊಂದು ನೆಟ್ಟಗಿನ ವೇಡರ್ಸ್ ಹೊಲಿಯೋಕೆ ಏನು ರೋಗ?

ನಾನು ಹಾಗೆ ಅರ್ಧ ಎದ್ದಿರುವಾಗಲೇ ಪಕ್ಕದಲ್ಲಿದ್ದ ಅಜ್ಜನೊಬ್ಬ, "ನಿಯೋಪ್ರೀನ್ ಯಾಕಪ್ಪಾ? ಅರ್ಧ ಮೈಲಿ ಕೆಸರಲ್ಲಿ ನಡೆದರೆ ಬೆವರಲ್ಲೇ ಸ್ನಾನ. ಆಮೇಲೆ ನಿಂತೆಯೋ, ಆ ಬೆವರೇ ನಿನ್ನನ್ನು ನಡುಗಿಸುತ್ತೆ. ಗಾಳಿಯಾಡೋ ಬಟ್ಟೆಯದು ತಗೋ" ಅಂದ. ಇನ್ನೊಬ್ಬ ಬಂದ. "ಅದರಲ್ಲಿ ಬಿಸಿ ಎಲ್ಲಿದೆ? ಬೆಚ್ಚಗಿರೋದು ಒಳಗಿನ ಬಟ್ಟೆಯಿಂದ. ಸಾವಿರ ಡಾಲರ್ ಕೊಟ್ಟು ತೆಳ್ಳನೆ ರೇನ್‌ಕೋಟ್ ಹಾಕ್ಕೋಬೇಕಾ?" ಜಗಳ ಬಿಸಿಯೇರಿತು. ನಾನೂ ಬಿಸಿಯೇರುತ್ತಿದ್ದೆ, ಅಂಗಡಿಯಲ್ಲಿ ಹೀಟರ್ ಬೇರೆ. ಇಬ್ಬರೂ ನನ್ನ ತೋಳು ಹಿಡಿದು ನನ್ನನ್ನೇ ಸಾಕ್ಷಿ ಮಾಡಿಕೊಂಡು ಮಾತಾಡಿದರು. ನನ್ನನ್ನು ಬಿಚ್ಚುವವರು ಯಾರೂ ಇಲ್ಲ.

ಜಗಳ ಅಲ್ಲಿಂದ ಸಾವಿಗೆ ಹೋಯಿತು. ಬಿದ್ದರೆ ವೇಡರ್ಸ್ ಒಳಗೆ ನೀರು ತುಂಬಿ ಕಲ್ಲಿನಂತೆ ಮುಳುಗಿಸುತ್ತದೆ ಅಂದ ಎರಡನೆಯವನು. ಅಜ್ಜ ನಕ್ಕ. ಲೀ ವುಲ್ಫ್ ಅನ್ನೋ ಹೆಸರಾಂತ ಗಾಳದ ಮೀನುಗಾರ ಇದೇ ಮಾತಿಗೆ ರೋಸಿ, ವೇಡರ್ಸ್ ಹಾಕಿಕೊಂಡೇ ಸೇತುವೆಯಿಂದ ಹೊಳೆಗೆ ಹಾರಿ, ಈಜಿ ದಡ ಸೇರಿದ್ದ. ನೀರಿನೊಳಗೆ ನೀರಿಗೆ ಭಾರ ಎಲ್ಲಿಂದ ಬರಬೇಕು? ಕಷ್ಟ ಇರೋದು ದಡ ಹತ್ತುವಾಗ. ಅಜ್ಜ ಹೇಳಿದ್ದು ಸರಿ. ಆದರೆ ಚಳಿಗಾಲದ ನೀರು ಬೇರೆ. ಅದು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಶಾಖ ಕೀಳುತ್ತದೆ. ಅದಕ್ಕೇ ಸೊಂಟಕ್ಕೆ ಬೆಲ್ಟ್ ಬಿಗಿಯಬೇಕು, ಆಗ ಬಿದ್ದರೂ ಒಳಗೆ ಬರುವ ನೀರು ಕಡಿಮೆ. ಹುಡುಗಾ, ಬೆಲ್ಟ್ ಮರೀಬೇಡ. ಇದೊಂದರಲ್ಲಿ ತಮಾಷೆ ಇಲ್ಲ.

ಅಷ್ಟು ಹೊತ್ತಿಗೆ ನನಗೆ ಒಂದಕ್ಕೆ ಹೋಗಬೇಕಾಗಿತ್ತು. ಗ್ರಾಂ, ಮಿಲಿಮೀಟರ್, ವಾರಂಟಿ ಎಲ್ಲ ಅರೆದು ಕುಡಿದ ಈ ಪಂಡಿತರಲ್ಲಿ ಒಬ್ಬನಾದರೂ ಇದರ ಬಗ್ಗೆ ಬಾಯಿ ಬಿಟ್ಟಿದ್ದಾನಾ? ಬೆಳಗಿನ ಜಾವ ಮೂರಕ್ಕೆ ಕಾಫಿ ಕುಡಿದು ಹೊರಟವನಿಗೆ ಬೇಟೆಯ ನಿಜವಾದ ಸಮಸ್ಯೆ ಅದೇ. ಮುಂದೆ ಜಿಪ್ ಇರುವುದೂ ಸಿಗುತ್ತದೆ. ಅದಕ್ಕೆ ನೂರಾರು ಡಾಲರ್ ಜಾಸ್ತಿ. ಕೊಡಬಹುದು ಅನ್ನೋದು ನನ್ನ ಅಭಿಪ್ರಾಯ. ಮನೆಯಲ್ಲಿ ಬೇರೆ ಅಭಿಪ್ರಾಯವಿದೆ.

ತೀರ್ಥಹಳ್ಳಿ ಕಡೆ ನಮ್ಮ ಅಜ್ಜ, 1972ರ ವನ್ಯಜೀವಿ ರಕ್ಷಣೆಯ ಕಾನೂನು ಬರೋಕೆ ಮುಂಚೆ, ತೋಟಾಕೋವಿ ಹಿಡಿದು ಶಿಕಾರಿಗೆ ಹೋಗುತ್ತಿದ್ದರು. ಬರಿಗಾಲು, ಮೇಲೆ ಕಂಬಳಿ ಕೊಪ್ಪೆ. ಉಂಬಳ ಕಚ್ಚಿದರೆ ಸುಣ್ಣ. ಅಲ್ಲಿ ನೀರು ಹೆಪ್ಪುಗಟ್ಟುತ್ತಿರಲಿಲ್ಲ, ಒಪ್ಪಿದೆ. ಆದರೆ ಉಣ್ಣೆ ಒದ್ದೆಯಾದರೂ ಬೆಚ್ಚಗಿರುತ್ತದೆ ಅನ್ನೋದು ಅವರಿಗೆ ಗೊತ್ತಿತ್ತು. ಈಗ ಅದನ್ನೇ ಮೆರಿನೋ ಸಾಕ್ಸ್ ಅಂತ ನನಗೆ ಮೂವತ್ತು ಡಾಲರಿಗೆ ಮಾರುತ್ತಾರೆ. ಹತ್ತಿಯ ಸಾಕ್ಸ್ ಮಾತ್ರ ಬೇಡ. ಬೂಟು ಒಂದು ಸೈಜ್ ದೊಡ್ಡದಿರಲಿ. 1600 ಗ್ರಾಂ ಇದ್ದರೂ ಬೆರಳು ಅಲುಗಾಡದಿದ್ದರೆ ರಕ್ತ ಓಡುವುದಿಲ್ಲ, ಕಾಲು ಮರಗಟ್ಟುತ್ತದೆ.

ಕನ್ನಡ ಸಂಘದಲ್ಲಿ ಒಬ್ಬರು ಚಿಕನ್ ಬಿರಿಯಾನಿ ತಟ್ಟೆ ಹಿಡಿದುಕೊಂಡೇ "ಪಾಪ, ಬಾತು ಹೊಡೀತೀರಾ?" ಅಂತ ಕೇಳಿದ್ದರು. ಅವರಿಗೂ ಉತ್ತರ ಕೊಡಬೇಕೆಂದಿದ್ದೆ. ಇನ್ನೊಮ್ಮೆ.

ನಾವು ಹೋಗುವಾಗ ಪಕ್ಕದ ಮನೆಯವರ ಲ್ಯಾಬ್ರಡಾರ್ ಕೂಡ ಬರುತ್ತದೆ. ಅದಕ್ಕೂ 5 ಮಿಲಿಮೀಟರ್ ನಿಯೋಪ್ರೀನ್ ಅಂಗಿ. ಮೊದಲ ಸಲಕ್ಕೇ ಸರಿಯಾಗಿ ಕೂತಿತಂತೆ, ಬಸ್ಕಿ ಹೊಡೆಸಲಿಲ್ಲ, ಗ್ರಾಂ ಕೇಳಲಿಲ್ಲ. ಅದು ಬಾತು ಕಚ್ಚಿಕೊಂಡು ಈಜಿ ಬಂದು ದಿಬ್ಬದ ಮೇಲೆ ಸರಿಯಾಗಿ ನನ್ನ ಪಕ್ಕದಲ್ಲೇ ನಿಂತು ಮೈ ಕೊಡವುತ್ತದೆ. ಆ ನೀರು ಕುತ್ತಿಗೆಯಿಂದ ಒಳಗಿಳಿದು ನೇರ ಬೂಟಿಗೇ ಹೋಗುತ್ತದೆ. ಇದಕ್ಕೆ ಯಾವ ಕಂಪನಿಯೂ ವಾರಂಟಿ ಕೊಡೋದಿಲ್ಲ, ನಾನು ಕೇಳಿ ನೋಡಿದ್ದೇನೆ.