ರಾಗಿ ಗೆದ್ದರೆ ಊರು ಬದಲಾಗುತ್ತಾ?

ಪ್ರಶ್ನೆ: ಕೆಳಗಿರುವವರನ್ನು ಮೇಲೆ ಕೂರಿಸುವ ಹಾಡು, ಕಾವ್ಯಗಳಿಂದ ಊರಿನ ಮೇಲು-ಕೀಳು ಅಲುಗಾಡುತ್ತದೆಯೇ?

ಪರ

ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತಕ್ಕೂ ರಾಗಿಗೂ ಜಗಳ ಹತ್ತುತ್ತದೆ. ರಾಗಿಗೆ ಅಲ್ಲಿ ನರೆದಲೆಗ ಅಂತ ಹೆಸರು. ನನ್ನ ಮುಂದೆ ನೀನ್ಯಾವ ಲೆಕ್ಕ ಅಂತ ಭತ್ತ ಹೀಯಾಳಿಸುತ್ತದೆ. ನರೆದಲೆಗ ತಲೆ ತಗ್ಗಿಸುವುದಿಲ್ಲ. ಬಡವರನ್ನು ಕಣ್ಣೆತ್ತಿಯೂ ನೋಡದೆ ದುಡ್ಡಿದ್ದವರ ಹಿಂದೆ ಹೋಗುವವನು ನೀನು, ಹೆಣದ ಬಾಯಿಗೆ ಹಾಕುವ ತುತ್ತು ನೀನು ಅಂತ ತಿರುಗಿ ಕೊಡುತ್ತದೆ. ರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಹೊರಗೆ ತಂದಾಗ ಭತ್ತ ಸೊರಗಿದೆ, ನರೆದಲೆಗ ಗಟ್ಟಿಯಾಗಿದೆ. ರಾಘವನ ಹೆಸರು ಅದಕ್ಕೇ ಸಿಗುತ್ತದೆ.

ಮುದ್ದೆ ಉಂಡು ಬೆಳೆದವರಿಗೆ ಈ ತೀರ್ಪು ಚೆನ್ನಾಗಿ ಅರ್ಥವಾಗುತ್ತದೆ. ರಾಗಿ ಕಡಿಮೆ ಮಳೆಯಲ್ಲೂ ಬೆಳೆಯುತ್ತದೆ. ನೆಲದೊಳಗಿನ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಒಕ್ಕಲು ಮನೆಯವರೆಲ್ಲ ಕಂಡಿದ್ದ ಈ ಗುಣವನ್ನೇ ಕನಕದಾಸರು ಸಾಕ್ಷಿಗೆ ತಂದರು. ಕೀಳು ಅನ್ನಿಸಿಕೊಂಡವರಿಗೆ ಮೊದಲು ಬೇಕಾದದ್ದು ಎದುರು ಮಾತಾಡುವ ಧೈರ್ಯ. ಆ ಮಾತು ಊರಿನ ಪಂಚಾಯ್ತಿಯಲ್ಲಿ ಬರುವ ಎಷ್ಟೋ ಮೊದಲೇ ಕಾವ್ಯದಲ್ಲಿ ಬಂತು.

ಹಳೇ ಮೈಸೂರು ಕಡೆಯ ಜನ ನಡೆದುಕೊಳ್ಳುವ ಸಂತ ಮಂಟೇಸ್ವಾಮಿಯ ಕಥೆಯನ್ನೂ ನೋಡಿ. ಅವನ ಒಕ್ಕಲಿನ ಹಾಡುಗಾರರಾದ ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಹಾಡುತ್ತಾರೆ. ಮಂಟೇಸ್ವಾಮಿ ಗಬ್ಬು ನಾರುವ ವೇಷದಲ್ಲಿ ಕಲ್ಯಾಣದ ಬಸವಣ್ಣನ ಬಾಗಿಲಿಗೆ ಬರುತ್ತಾನೆ. ಪರೀಕ್ಷೆಯಲ್ಲಿ ಸೋಲುವವರು ದೊಡ್ಡ ಶರಣರು ಅನ್ನಿಸಿಕೊಂಡವರು. ಇದೇ ಪರಂಪರೆಯ ಚಿಕ್ಕಲ್ಲೂರು ಜಾತ್ರೆಯ ಪಂಕ್ತಿಸೇವೆಯಲ್ಲಿ ಬೇರೆ ಬೇರೆ ಜಾತಿಯವರು ಒಟ್ಟಿಗೆ ಕೂತು ಉಣ್ಣುತ್ತಾರೆ. ಯಾರ ಜೊತೆ ಉಣ್ಣಬಾರದು ಅನ್ನುವುದರ ಮೇಲೇ ಜಾತಿ ನಿಂತಿದೆ. ಒಂದು ಕಥೆ ಜನರನ್ನು ಒಂದೇ ಸಾಲಿನಲ್ಲಿ ಕೂರಿಸಿದೆ ಅಂದರೆ, ಅದನ್ನು ಬರೀ ಹಾಡು ಅನ್ನೋದು ಹೇಗೆ?

ವಿರೋಧ

ಭತ್ತ ಸೋತಿತು, ಸರಿ. ತೀರ್ಪು ಕೊಟ್ಟವನು ಯಾರು? ರಾಜ. ರಾಗಿ ದೊಡ್ಡದಾದದ್ದು ಅವನ ಹೆಸರು ಸಿಕ್ಕಿದ್ದರಿಂದ. ಮೇಲಿದ್ದವನು ಕೆಳಗಿಳಿದು ಕೆಳಗಿದ್ದವನು ಮೇಲೆ ಹತ್ತಿದರೂ ಏಣಿ ಹಾಗೇ ಇದೆ, ಅಲ್ವಾ?

ಬಸವಣ್ಣನವರ ಒಂದು ವಚನ ಇದಕ್ಕಿಂತ ಮುಂದೆ ಹೋಗುತ್ತದೆ. ಚೆನ್ನಯ್ಯನ ಮನೆಯ ದಾಸನ ಮಗ, ಕಕ್ಕಯ್ಯನ ಮನೆಯ ದಾಸಿಯ ಮಗಳು ಬೆರಣಿಗೆ ಅಂತ ಹೊಲಕ್ಕೆ ಹೋಗಿ ಕೂಡಿದರು, ಅವರಿಗೆ ಹುಟ್ಟಿದ ಮಗ ನಾನು ಅನ್ನುತ್ತಾರೆ. ಚೆನ್ನಯ್ಯ, ಕಕ್ಕಯ್ಯ ಇಬ್ಬರೂ ಅಸ್ಪೃಶ್ಯರು ಅನ್ನಿಸಿಕೊಂಡ ಜಾತಿಗಳಿಂದ ಬಂದ ಶರಣರು. ಬ್ರಾಹ್ಮಣರ ಮನೆಯಲ್ಲಿ ಹುಟ್ಟಿದವರು ಹೀಗೆ ಹೇಳಿಕೊಂಡದ್ದು ಸಣ್ಣ ಮಾತಲ್ಲ, ಓದಿದಾಗಲೆಲ್ಲ ಮೈ ಜುಮ್ಮೆನ್ನುತ್ತದೆ. ಆದರೆ 12ನೇ ಶತಮಾನದ ಕಲ್ಯಾಣದ ಕಥೆಯನ್ನು ಪೂರ್ತಿ ಕೇಳಬೇಕು. ಇಂಥ ಮಾತನ್ನು ಕಲ್ಯಾಣ ತಡೆದುಕೊಂಡಿತು. ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನು ಕೊಟ್ಟು ಮದುವೆ ಮಾಡಿದಾಗ ತಡೆದುಕೊಳ್ಳಲಿಲ್ಲ. ಬೀಗರಿಬ್ಬರನ್ನೂ ಆನೆಯ ಕಾಲಿಗೆ ಕಟ್ಟಿ ಎಳೆಸಿದರು ಅಂತ ಶರಣರ ಕಥೆಗಳು ಹೇಳುತ್ತವೆ. ಆಳುವವರಿಗೆ ವಚನಕ್ಕಿಂತ ಜಾಸ್ತಿ ಭಯ ಹುಟ್ಟಿಸಿದ್ದು ಆ ಮದುವೆ.

ಇನ್ನೊಂದು ಸಂಕಟವೂ ಇದೆ. ರಾತ್ರಿಯಿಡೀ ಹಾಡು ಕೇಳಿದರೆ ಎದೆ ಹಗುರಾಗುತ್ತದೆ. ಅನ್ಯಾಯಕ್ಕೆ ಒಳಗಾದವರ ಸಿಟ್ಟೂ ಅಲ್ಲೇ ಕರಗಿಬಿಡಬಹುದು. ಕಥೆ ಕೇಳಿ ಕಣ್ಣೊರೆಸಿಕೊಂಡವರೇ ಬೆಳಗ್ಗೆ ಕೂಲಿಯವರಿಗೆ ಬೇರೆ ಲೋಟದಲ್ಲಿ ಕಾಫಿ ಕೊಡುತ್ತಾರೆ. ಹಾಡು ಅವರನ್ನು ಏನೂ ಕೇಳಲಿಲ್ಲ.

ಕರ್ನಾಟಕದ ಹಳ್ಳಿಗಳಲ್ಲಿ ಮೇಲು-ಕೀಳಿನ ಲೆಕ್ಕ ಕದಲಿದ್ದು 1974ರಲ್ಲಿ ಭೂ ಸುಧಾರಣೆ ಕಾಯ್ದೆಗೆ ತಿದ್ದುಪಡಿ ಬಂದಮೇಲೆ. ದೇವರಾಜ ಅರಸು ಆಗ ಮುಖ್ಯಮಂತ್ರಿ. ವರ್ಷವರ್ಷವೂ ಒಡೆಯರ ಅಂಗಳಕ್ಕೆ ಗೇಣಿ ಭತ್ತ ಹೊರುತ್ತಿದ್ದವರು ಅರ್ಜಿ ಹಾಕಿದರು. ಭೂ ನ್ಯಾಯಮಂಡಳಿಯ ಮುಂದೆ ಅದೇ ಒಡೆಯರ ಎದುರು ನಿಂತು, ಈ ಗದ್ದೆ ಉತ್ತವನು ನಾನು ಅಂದರು. ಪಹಣಿಯಲ್ಲಿ ಹೆಸರು ಬಂತು. ಭತ್ತ ಆಮೇಲೆ ಅವರ ಮನೆಯಲ್ಲೇ ಉಳಿಯಿತು.